ನೇಪಾಳಿ ಹಾಡು, ಊರು ಬಿಟ್ಟವರು ಮತ್ತು ಬೇರು: ಪದೇ ಪದೇ ಕೇಳುವ ಪ್ರಶ್ನೆಗಳು

ನೇಪಾಳಿ ಹಾಡು ಅಂದ್ರೆ ನೇಪಾಳ ದೇಶದ ಹಾಡು ತಾನೇ, ಇದ್ರಲ್ಲಿ ಕನ್ಫ್ಯೂಷನ್ ಏನಿದೆ?

ಇದೆ, ಸಕತ್ತಾಗೇ ಇದೆ. ನೇಪಾಳದ ಈಗಿನ ರಾಷ್ಟ್ರಗೀತೆನೇ ತಗೊಳ್ಳಿ. ರಾಜರ ಕಾಲ ಮುಗೀತಾ ಬಂದಾಗ, 2007ರಲ್ಲಿ, ಹಳೇದನ್ನ ತೆಗೆದು ಹೊಸದು ತಂದ್ರು, ಸಾಹಿತ್ಯ ಬ್ಯಾಕುಲ್ ಮಾಯ್ಲಾ ಅವರದು, ರಾಗ ಹಾಕಿದ್ದು ಅಂಬರ್ ಗುರುಂಗ್. ಈ ಅಂಬರ್ ಗುರುಂಗ್ ಹುಟ್ಟಿದ್ದು 1938ರಲ್ಲಿ ಡಾರ್ಜಿಲಿಂಗಲ್ಲಿ, ಅಂದ್ರೆ ಗಡಿಯ ಈ ಕಡೆ. ಸರಿ, ಅದೊಂದು ಆಕಸ್ಮಿಕ ಅಂತೀರಾ, ಹಳೇ ರಾಷ್ಟ್ರಗೀತೆ ನೋಡಿ. ರಾಜರನ್ನ ಹೊಗಳೋ ‘ಶ್ರೀಮಾನ್ ಗಂಭೀರ್’ಗೆ 1899ರಲ್ಲಿ ರಾಗ ಕಟ್ಟಿದವರು ಬಖತ್ ಬಹದ್ದೂರ್ ಬುಢಾಪ್ರಿಥಿ, ಅವರ ಮೊಮ್ಮಗ ಯಾರಪ್ಪಾ ಅಂದ್ರೆ ಭಾರತದ ಜಾಝ್‌ನಲ್ಲಿ ದೊಡ್ಡ ಹೆಸರಾದ ಲೂಯಿಸ್ ಬ್ಯಾಂಕ್ಸ್! ಡಾರ್ಜಿಲಿಂಗಲ್ಲಿ ಹುಟ್ಟಿದ ದಂಬರ್ ಬಹದ್ದೂರ್ ಬುಢಾಪ್ರಿಥಿನೇ ಆಮೇಲೆ ಲೂಯಿಸ್ ಬ್ಯಾಂಕ್ಸ್ ಆಗಿದ್ದು. ದೂರದರ್ಶನದಲ್ಲಿ ನಾವೆಲ್ಲ ಬಾಯಿಪಾಠ ಮಾಡ್ಕೊಂಡಿದ್ದ ‘ಮಿಲೇ ಸುರ್ ಮೇರಾ ತುಮ್ಹಾರಾ’ದ ವಾದ್ಯ ಜೋಡಣೆಯಲ್ಲೂ ಇವರ ಕೈ ಇದೆ.

ಅಂದ್ರೆ ಆ ದೇಶದ ರಾಷ್ಟ್ರಗೀತೆಯ ಕಥೆ ಹೇಳೋಕೂ ಗಡಿ ದಾಟ್ಲೇಬೇಕು. ಹಾಗಾಗಿ ‘ಬೇರು ನೇಪಾಳದಲ್ಲಿದೆ, ಹೊರಗಿರೋರು ಬರೀ ಕೊಂಬೆ’ ಅಂತ ಯಾರಾದ್ರೂ ಅಂದ್ರೆ ನಂಗೆ ನಗು ಬರುತ್ತೆ. ನೇಪಾಳಿ ಸಂಗೀತದ ಒಂದು ದೊಡ್ಡ ಪಾಲು ಊರು ಬಿಟ್ಟು ಹೋದವರು ಮಾಡಿದ್ದು, ಇನ್ನೊಂದು ಪಾಲು ಊರು ಬಿಟ್ಟು ಹೋದವರ ಬಗ್ಗೆ ಮಾಡಿದ್ದು.

ಡಾರ್ಜಿಲಿಂಗ್, ಸಿಕ್ಕಿಂನವರನ್ನ ಡಯಾಸ್ಪೊರಾ (ದೇಶ ಬಿಟ್ಟು ಹೊರಗೆ ನೆಲೆಸಿದವರು) ಅನ್ನಬಹುದಾ?

ಅಲ್ಲಿ ಹೋಗಿ ಈ ಮಾತಾಡಿದ್ರೆ ತುಂಬಾ ಜನಕ್ಕೆ ಸಿಟ್ಟು ಬರುತ್ತೆ, ಬರೋದು ನ್ಯಾಯವೇ. 1815ರಿಂದಲೇ ಬ್ರಿಟಿಷರು ಗೂರ್ಖಾ ಪಲ್ಟನ್ ಕಟ್ಟೋಕೆ ಶುರು ಮಾಡಿದ್ರು, ಮರುವರ್ಷ ಬ್ರಿಟಿಷರಿಗೂ ನೇಪಾಳಕ್ಕೂ ಆದ ಸುಗೌಲಿ ಒಪ್ಪಂದದಲ್ಲಿ ಗಡಿನೇ ಹಿಂದಕ್ಕೆ ಸರಿದು ಎಷ್ಟೋ ಜಾಗ ಈ ಕಡೆ ಬಂತು, 1850ರ ನಂತರ ಟೀ ತೋಟಗಳಿಗೆ ಪೂರ್ವ ನೇಪಾಳದಿಂದ ಕೂಲಿಗಳು ಗುಂಪು ಗುಂಪಾಗಿ ಬಂದ್ರು. ಅಲ್ಲಿಂದ ಲೆಕ್ಕ ಹಾಕಿದ್ರೆ ಆರೇಳು ತಲೆಮಾರು ಆಗೋಯ್ತು, ಇನ್ನೂ ‘ವಲಸಿಗರು’ ಅಂದ್ರೆ ಹೇಗೆ?

ಆದ್ರೂ ಬೆಂಗಳೂರಿಗೋ ದೆಹಲಿಗೋ ಬಂದ ಕಾಲಿಂಪಾಂಗ್ ಹುಡುಗನಿಗೆ ಮೊದಲ ದಿನವೇ ಬೀಳೋ ಪ್ರಶ್ನೆ ‘ನೀನು ನೇಪಾಳದವನಾ?’, ಕಠ್ಮಂಡುಗೆ ಹೋದ್ರೆ ‘ನೀನು ಇಂಡಿಯನ್ ಅಲ್ವಾ?’. ಅವರ ಭಾಷೆ ಸಂವಿಧಾನದ 8ನೇ ಪರಿಚ್ಛೇದಕ್ಕೆ ಸೇರಿದ್ದೇ 1992ರಲ್ಲಿ, ಕೊಂಕಣಿ, ಮಣಿಪುರಿ ಜೊತೆಗೆ, ಅದಕ್ಕೂ ಎಷ್ಟೋ ವರ್ಷ ಹೋರಾಟ ಮಾಡಿ. ಅಲ್ಲೀವರೆಗೆ ಆ ಭಾಷೆ ನಮ್ಮದೂ ಹೌದು ಅಂತ ತೋರಿಸೋಕೆ ಅವರ ಕೈಲಿ ಇದ್ದಿದ್ದು ಹಾಡು, ಕವಿತೆ, ನಾಟಕ, ಆಮೇಲೆ 60ರ ದಶಕದಲ್ಲಿ ಶುರುವಾದ ಆಕಾಶವಾಣಿಯ ಕರ್ಸಿಯಾಂಗ್ ಸ್ಟೇಷನ್ನು. ಅಂಬರ್ ಗುರುಂಗ್ ಅವರದ್ದೇ ‘ನೌಲಾಖ್ ತಾರಾ ಉದಾಯೆ’ ಅಂತ ಒಂದು ಹಾಡಿದೆ, ಬರೆದಿದ್ದು ಡಾರ್ಜಿಲಿಂಗ್‌ನ ಕವಿ ಅಗಮ್ ಸಿಂಗ್ ಗಿರಿ, ಆಕಾಶ ತುಂಬಾ ಚುಕ್ಕಿ ಹೊಳೀತಿದ್ರೂ ಕೆಳಗೆ ನೇಪಾಳಿಯ ಮನಸ್ಸು ಒಡೆದಿದೆ ಅನ್ನೋ ಥರ ಹೋಗುತ್ತೆ. ಇಂಡಿಯಾದ ನೇಪಾಳಿಗಳ ಅಳಲು ಅಂದ್ರೆ ಇವತ್ತಿಗೂ ಎಲ್ಲರಿಗೂ ಮೊದಲು ನೆನಪಾಗೋದು ಇದೇ. ಇಷ್ಟು ಬರೆದ, ಹಾಡಿದ ಜನಕ್ಕೆ ಹೊರಗಿನವರು ‘ಡಯಾಸ್ಪೊರಾ’ ಅಂತ ಬೋರ್ಡ್ ನೇತು ಹಾಕೋದು ನಂಗೆ ಸರಿ ಕಾಣಲ್ಲ. ಅವರಾಗೇ ಏನಂತ ಕರ್ಕೋತಾರೋ ಹಾಗೆ ಕರೀರಿ, ತುಂಬಾ ಜನ ಗೋರ್ಖಾ ಅಂತಾರೆ.

ಹಾಗಾದ್ರೆ ಕಠ್ಮಂಡುನವರೂ ಡಾರ್ಜಿಲಿಂಗ್‌ನವರೂ ಬೇರೆ ಬೇರೆ ಹಾಡ್ತಿದ್ರಾ?

ಇಲ್ಲ, ಅದೇ ಮಜಾ. 1951ರಲ್ಲಿ ರೇಡಿಯೋ ನೇಪಾಳ ಶುರುವಾಯ್ತು, ಆಮೇಲೆ ‘ಆಧುನಿಕ ಗೀತ್’ ಅನ್ನೋ ಲೈಟ್ ಮ್ಯೂಸಿಕ್ ಥರದ್ದು ಬೆಳೀತಲ್ಲ, ಅದ್ರಲ್ಲಿ ಅರ್ಧಕ್ಕರ್ಧ ಡಾರ್ಜಿಲಿಂಗ್ ಬೆಟ್ಟದ ಗಾಳಿನೇ ಇರೋದು. ನೇಪಾಳಿಗಳು ಸ್ವರ ಸಾಮ್ರಾಟ್ ಅಂತ ತಲೆ ಮೇಲೆ ಹೊತ್ಕೊಂಡಿರೋ ನಾರಾಯಣ ಗೋಪಾಲ್ (1939–1990) ಕಠ್ಮಂಡುನವರು, ಅವರ ಎಷ್ಟೋ ಒಳ್ಳೆ ಹಾಡುಗಳಿಗೆ ರಾಗ ಹಾಕಿದ ಗೋಪಾಲ್ ಯೋಂಜನ್ ಡಾರ್ಜಿಲಿಂಗ್‌ನವರು, ಇಬ್ಬರೂ ಶಾಸ್ತ್ರೋಕ್ತವಾಗಿ ‘ಮಿತ್’ ಆಗಿದ್ದರು. ಮಿತ್ ಅಂದ್ರೆ ಬರೀ ಫ್ರೆಂಡ್ಸ್ ಅಲ್ಲ, ರಕ್ತ ಸಂಬಂಧ ಇಲ್ದಿದ್ರೂ ಅಣ್ಣತಮ್ಮಂದಿರ ಥರ ಅಂತ ವಿಧಿ ಮಾಡಿ ಒಪ್ಕೊಳ್ಳೋದು, ಮನೆಯವರೆಲ್ಲ ಅದನ್ನ ಪಾಲಿಸ್ತಾರೆ. ಅರುಣಾ ಲಾಮಾ ಹಾಡಿದ್ದು ಕೇಳಿ, ಅವರೂ ಡಾರ್ಜಿಲಿಂಗ್, ನೇಪಾಳದ ಯಾವ ಮೂಲೆಗೆ ಹೋದ್ರೂ ಅವರ ಹಾಡು ಗೊತ್ತಿಲ್ಲದ ಮನೆ ಸಿಗೋದು ಕಷ್ಟ. ಡ್ಯಾನಿ ಡೆನ್‌ಜೋಂಗ್ಪಾ ಗೊತ್ತಲ್ಲ, ಹಿಂದಿ ಸಿನಿಮಾ ವಿಲನ್ನು, ಸಿಕ್ಕಿಂನವರು, ಅವರೂ ನೇಪಾಳಿಲಿ ಹಾಡಿದಾರೆ, ದನಿ ಚೆನ್ನಾಗೇ ಇದೆ.

ಸೈನಿಕರ ಹಾಡು ಅಂತ ಎಲ್ಲರೂ ಹೇಳ್ತಾರಲ್ಲ, ಅದು ಏನು?

ಹೊರಗೆ ಹೋಗಿ ಪಲ್ಟನ್ ಸೇರಿದವರನ್ನ ಅಲ್ಲಿ ಲಾಹುರೆ ಅಂತಾರೆ. ಲಾಹುರೆ ಊರಿಗೆ ಬಂದ್ರೆ ಹಬ್ಬ, ಬರದೇ ಹೋದ್ರೆ ಹಾಡು. ಹಳ್ಳಿಯಿಂದ ಹಳ್ಳಿಗೆ ನಡ್ಕೊಂಡು ಹೋಗಿ ಸಾರಂಗಿ ನುಡಿಸ್ತಾ ಸುದ್ದಿ ಮುಟ್ಟಿಸ್ತಿದ್ದ ಗಂಧರ್ವ ಅನ್ನೋ ಜಾತಿಯವರಿದ್ರು (ಈಗಲೂ ಇದಾರೆ), ಯುದ್ಧದಲ್ಲಿ ಯಾರು ಸತ್ರು ಅನ್ನೋದೂ ಅವರ ಬಾಯಿಂದಲೇ ಗೊತ್ತಾಗ್ತಿತ್ತು. ಅವರಲ್ಲಿ ಝಲಕ್‌ಮಾನ್ ಗಂಧರ್ವ (1935–2003) ಅನ್ನೋರು ರೇಡಿಯೋ ನೇಪಾಳದಲ್ಲಿ ಹಾಡಿದ ಒಂದು ಹಾಡಿದೆ, ಸಾಯ್ತಾ ಬಿದ್ದಿರೋ ಸೈನಿಕ ಜೊತೆಗಾರನಿಗೆ ಹೇಳ್ತಾನೆ, ಅಮ್ಮ ‘ನನ್ನ ಮಗ ಎಲ್ಲಿ’ ಅಂತ ಕೇಳಿದ್ರೆ ಹೀಗನ್ನು, ಮನೆಯಲ್ಲಿ ಇನ್ನೊಬ್ಬರು ಕೇಳಿದ್ರೆ ಇನ್ನೊಂದು ಹೇಳು ಅಂತ, ಒಬ್ಬೊಬ್ಬರಿಗೂ ಒಂದೊಂದು ಮಾತು ಹೇಳಿ ಕಳಿಸ್ತಾನೆ. ಭಾಷೆ ಬರದೇ ಇದ್ರೂ ಆ ಸಾರಂಗಿ ಕೇಳಿದ್ರೆ ಸಾಕು. (ನಮ್ಮ ಹಿಂದೂಸ್ತಾನಿ ಸಾರಂಗಿ ಅಲ್ಲ ಅದು, ಚಿಕ್ಕದು, ನಾಕೇ ತಂತಿ, ಒಂದೇ ಮರದ ತುಂಡಲ್ಲಿ ಕೊರೆದಿದ್ದು, ಕೆಳಗಡೆ ಚರ್ಮ ಬಿಗಿದಿರ್ತಾರೆ.)

ಪಲ್ಟನ್ನಿಂದ ಹೊರಗೆ ಬಂದು ಸಂಗೀತ ಹಿಡಿದವರೂ ಇದಾರೆ. ಮಾಸ್ಟರ್ ಮಿತ್ರಸೇನ್ (1895–1946) ಹುಟ್ಟಿದ್ದು ಧರ್ಮಶಾಲಾ ಹತ್ರ ಭಾಗ್ಸುನಲ್ಲಿ, ಗೂರ್ಖಾ ರೈಫಲ್ಸ್ ಬಿಟ್ಟು ಹಾಡ್ತಾ ನಾಟಕ ಮಾಡ್ತಾ ಊರೂರು ಸುತ್ತಿ ಗ್ರಾಮಫೋನ್ ಪ್ಲೇಟಲ್ಲಿ ನೇಪಾಳಿ ಜಾನಪದ ತುಂಬಿದ ಮೊದಲಿಗರಲ್ಲಿ ಒಬ್ಬರು. ಅದೇ ಧರ್ಮಶಾಲಾ ಕಡೆಯ ಇನ್ನೊಬ್ಬರು ಕ್ಯಾಪ್ಟನ್ ರಾಮ್ ಸಿಂಗ್ ಠಕುರಿ, ನೇತಾಜಿಯ ಆಜಾದ್ ಹಿಂದ್ ಫೌಜಿನ ‘ಕದಂ ಕದಂ ಬಢಾಯೇ ಜಾ’ಗೆ ರಾಗ ಹಾಕಿದ್ದು ಅವರೇ. ನಮ್ಮ ಸ್ಕೂಲುಗಳಲ್ಲಿ ಆಗಸ್ಟ್ 15ಕ್ಕೆ ಮಾರ್ಚ್ ಮಾಡಿಸ್ತಾರಲ್ಲ, ಅದು.

ಗಂಧರ್ವರು ಅಂದ್ರಿ, ಈಗ ಅವರ ಕಥೆ ಏನು? ವಿದೇಶದಲ್ಲಿರೋ ನೇಪಾಳಿಗಳು ಸಾರಂಗಿ ಕಲೀತಿದಾರಂತೆ, ಒಳ್ಳೇದೇ ಅಲ್ವಾ?

ಒಳ್ಳೇದೇ, ಆದ್ರೆ ಪೂರ್ತಿ ಕೇಳಿ. ನೇಪಾಳದಲ್ಲಿ ಸಂಗೀತವೇ ಕಸುಬಾದ ಜಾತಿಗಳು ಎರಡು ಮುಖ್ಯ, ಸಾರಂಗಿಯ ಗಂಧರ್ವರು (ಹಳೇ ಹೆಸರು ಗಾಯಿನೆ, ಈಗ ಹಾಗಂದ್ರೆ ಬೈಗುಳ ಥರ), ಇನ್ನೊಂದು ದಮಾಯಿ, ಅಂದ್ರೆ ಬಟ್ಟೆ ಹೊಲಿಯೋ ಕೆಲಸವನ್ನೂ ಮದುವೆ ಮುಂಜಿಗೆ ಪಂಚೆ ಬಾಜಾ ಬಾರಿಸೋದನ್ನೂ ಮಾಡೋರು. ಸನಾಯಿ, ದಮಾಹಾ, ತಾಳ, ಉದ್ದನೆ ಕೊಂಬು, ಎಲ್ಲಾ ಸೇರಿಸಿ ಐದು ವಾದ್ಯ, ದೊಡ್ಡ ಮದುವೆ ಆದ್ರೆ ಒಂಬತ್ತು ಮಾಡ್ಕೋತಾರೆ, ಅದು ನೌಮತಿ ಬಾಜಾ. ಇವರಿಬ್ಬರೂ ದಲಿತರು. ಮಂಗಳ ಕಾರ್ಯಕ್ಕೆ ಅವರ ವಾದ್ಯ ಇಲ್ದೇ ಆಗ್ತಿರಲಿಲ್ಲ, ಮನೆ ಹೊಸ್ತಿಲು ಮಾತ್ರ ದಾಟೋ ಹಾಗಿರಲಿಲ್ಲ.

ಈಗ ಲಂಡನ್ನಲ್ಲೋ ಸಿಡ್ನಿಲೋ ಬೆಳೆದ ಮೇಲ್ಜಾತಿ ಹುಡುಗ ಹುಡುಗೀರು ‘ನಮ್ಮ ಬೇರು’ ಅಂತ ಸಾರಂಗಿ ಹಿಡೀತಾರೆ, ಡೌರಾ ಸುರುವಾಲ್ ಹಾಕ್ಕೊಂಡು ರೀಲ್ಸ್ ಮಾಡ್ತಾರೆ. ಅವರ ಅಜ್ಜ ಊರಲ್ಲಿ ಅದನ್ನ ಮುಟ್ಟಿದ್ರೆ ಜಾತಿ ಕೆಡ್ತು ಅಂತಿದ್ರು. ವಾದ್ಯ ಬಹಿಷ್ಕಾರದಿಂದ ಹೊರಗೆ ಬಂತು, ಸಂತೋಷ. ಆದ್ರೆ ನುಡಿಸಿದವರ ಮಕ್ಕಳು? ಪೋಖರಾ ಲೇಕ್‌ಸೈಡಲ್ಲಿ, ಕಠ್ಮಂಡುವಿನ ಠಮೇಲಲ್ಲಿ ಟೂರಿಸ್ಟ್‌ಗಳಿಗೆ ಚಿಕ್ಕ ಸಾರಂಗಿ ಮಾರ್ತಾ ನಿಂತಿರೋ ಗಂಧರ್ವರನ್ನ ಯಾರು ಬೇಕಾದ್ರೂ ನೋಡಬಹುದು, ಇನ್ನು ಎಷ್ಟೋ ಜನ ಕಸುಬು ಬಿಟ್ಟು ಅವರೂ ಗಲ್ಫ್ ವಿಮಾನ ಹತ್ತಿದಾರೆ. ವಿದೇಶದ ಪ್ರೋಗ್ರಾಮ್‌ಗಳಲ್ಲಿ ಸ್ಟೇಜ್ ಮೇಲೆ ದೇಶದ ಬಾವುಟ ಇರುತ್ತೆ, ಸಾರಂಗಿ ಇರುತ್ತೆ, ಗಂಧರ್ವ ಅನ್ನೋ ಹೆಸರೇ ಬರಲ್ಲ. ನಂಗೆ ಈ ‘ಕಲ್ಚರಲ್ ರೂಟ್ಸ್’ ಮಾತಲ್ಲಿ ಅತಿ ಹೆಚ್ಚು ಕಿರಿಕಿರಿ ಆಗೋದು ಇಲ್ಲೇ. ಕಲೀರಿ, ಖಂಡಿತ ಕಲೀರಿ, ಆದ್ರೆ ಯಾರಿಂದ ಬಂತು ಅಂತ ಮೈಕಲ್ಲಿ ಹೇಳೋಕೆ ಅರ್ಧ ನಿಮಿಷ ಸಾಕು, ಗುರುವಾಗಿ ಕರೆಸಿ ದುಡ್ಡು ಕೊಟ್ರೆ ಇನ್ನೂ ವಾಸಿ.

ದೋಹೋರಿ ಅಂದ್ರೆ ಏನು? ಯೂಟ್ಯೂಬಲ್ಲಿ ಗಂಟೆಗಟ್ಲೆ ವಿಡಿಯೋ ಇದೆ, ಇಬ್ಬರು ಜಗಳ ಆಡೋ ಥರ ಕಾಣುತ್ತೆ.

ಜಗಳನೇ, ಹಾಡಲ್ಲಿ. ನಮ್ಮ ಉತ್ತರ ಕರ್ನಾಟಕದ ಹರದೇಶಿ-ನಾಗೇಶಿ ಗೀಗೀ ಪದ ಕೇಳಿದ್ದೀರಾ, ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಅಂತ ರಾತ್ರಿಯೆಲ್ಲಾ ಸವಾಲ್ ಜವಾಬ್ ನಡೆಯುತ್ತಲ್ಲ, ಅದನ್ನ ಕೇಳಿದವರಿಗೆ ದೋಹೋರಿ ಐದು ನಿಮಿಷದಲ್ಲಿ ಅರ್ಥ ಆಗುತ್ತೆ. ಗಂಡಸಿನ ಕಡೆಯಿಂದ ಒಂದು ಪದ, ಹೆಂಗಸಿನ ಕಡೆಯಿಂದ ಉತ್ತರ, ಅಲ್ಲೇ ಹುಟ್ಟಿಸಬೇಕು, ಮಾತು ನಿಂತ್ರೆ ಸೋತಹಾಗೆ. ಹಿಂದೆ ಬೆಟ್ಟದ ಹಳ್ಳಿಗಳಲ್ಲಿ ಸೋತವರು ಗೆದ್ದವರನ್ನ ಮದುವೆ ಆಗ್ಬೇಕು ಅಂತ ಪಣ ಇಡ್ತಿದ್ರಂತೆ, ಆ ಥರ ಆದ ಮದುವೆಗಳ ಕಥೆ ಬೇಕಾದಷ್ಟಿವೆ. ಗುರುಂಗರ ಹಳ್ಳಿಲಿ ರೋಧಿ ಅಂತ, ಸಂಜೆ ಹೊತ್ತು ಹರೆಯದವರು ಸೇರಿ ಹಾಡೋ ಮನೆ ಇರ್ತಿತ್ತು.

ಆಮೇಲೆ 1996ರಿಂದ 2006ರವರೆಗೆ ಮಾವೋವಾದಿ ಯುದ್ಧ ನಡೀತು, ಹಳ್ಳಿ ಖಾಲಿ ಆಯ್ತು, ಜನ ಕಠ್ಮಂಡುಗೆ ಓಡಿ ಬಂದ್ರು, ಅವರ ಹಿಂದೆನೇ ದೋಹೋರಿನೂ ಬಂದು ‘ದೋಹೋರಿ ಸಾಂಝ್’ ಅನ್ನೋ ರೆಸ್ಟೋರೆಂಟ್ ಆಯ್ತು, ಊಟ, ಬಿಯರ್, ಸ್ಟೇಜ್ ಮೇಲೆ ಹಳ್ಳಿ ಡ್ರೆಸ್ಸಲ್ಲಿ ಹಾಡು. ಊರಿಂದ ಊರಿಗೆ ಬಂದವನಿಗೆ ಊರನ್ನ ಮಾರೋ ಅಂಗಡಿ ಅನ್ನಿ. ಅಲ್ಲಿ ಹಾಡೋ ಹೆಣ್ಮಕ್ಕಳಿಗೆ ಗಿರಾಕಿಗಳ ಕಾಟ, ಮನೆ ಕಡೆಯಿಂದ ಕೆಟ್ಟ ಹೆಸರು, ಎರಡೂ. ಅಲ್ಲಿಂದ ಇದೇ ಮಾದರಿ ನೇಪಾಳಿಗಳು ಹೋದ ದೇಶಗಳಿಗೂ ಹೋಯ್ತು. ಫೋನ್ ಬಂದ ಮೇಲಂತೂ ಗಂಡು ಒಂದು ದೇಶದಲ್ಲಿ ಹೆಣ್ಣು ಇನ್ನೊಂದು ದೇಶದಲ್ಲಿ ಕೂತು ಲೈವಲ್ಲಿ ದೋಹೋರಿ ಆಡ್ತಾರೆ, ನೆಟ್‌ವರ್ಕ್ ಕೈ ಕೊಟ್ರೆ ಯಾರು ಸೋತಹಾಗೆ ಅಂತ ಕೇಳ್ಬೇಡಿ.

ಗಲ್ಫಿಗೆ ಹೋದವರ ಹಾಡುಗಳು ಯಾಕೆ ಎಲ್ಲಾ ಒಂದೇ ಥರ ಅಳೋ ಹಾಗಿರುತ್ತೆ?

ಅಳೋ ವಿಷಯ ಒಂದೇ ಥರ ಇರೋದ್ರಿಂದ. ಕತಾರ್, ಸೌದಿ, ಯುಎಇ, ಮಲೇಷ್ಯಾ, ಹೀಗೆ ಹೊರದೇಶಗಳಿಂದೆಲ್ಲ ಸೇರಿ ಬರೋ ದುಡ್ಡು ನೇಪಾಳದ ಜಿಡಿಪಿಯ ಸುಮಾರು ಕಾಲು ಭಾಗದಷ್ಟು. ಊರಲ್ಲಿ ಗದ್ದೆ ಉಳೋಕೂ ಹೆಣ ಹೊರೋಕೂ ಗಂಡಾಳು ಸಿಗಲ್ಲ ಅನ್ನೋ ಹಳ್ಳಿಗಳಿವೆ. ಹೋದವನಿಗೆ ಬಿಸಿಲು, ಕ್ಯಾಂಪು, ಬಂಕ್ ಬೆಡ್ಡು, ಏಜೆಂಟಿಗೆ ಕೊಟ್ಟ ಸಾಲದ ಬಡ್ಡಿ. ಕಠ್ಮಂಡು ಏರ್‌ಪೋರ್ಟಿಗೆ ಶವಪೆಟ್ಟಿಗೆ ಬರೋದು ಅಲ್ಲಿ ಅಪರೂಪದ ಸುದ್ದಿ ಅಲ್ವೇ ಅಲ್ಲ. ಲಾಹುರೆಯ ಹಾಡಿಗೂ ಇದಕ್ಕೂ ವ್ಯತ್ಯಾಸ ಬಂದೂಕಿನ ಜಾಗದಲ್ಲಿ ಹೆಲ್ಮೆಟ್ ಬಂತು ಅನ್ನೋದಷ್ಟೇ.

ಹೇಮಂತ್ ರಾಣಾ ಅವರ ‘ಸಾಯ್ಲಿ’ ಕೇಳಿ, ಗಂಡ ಹೆಂಡತಿಗೆ ಹೇಳೋದು, ಈಗ ದುಡೀತೀನಿ, ನಲವತ್ತು ದಾಟಿದ ಮೇಲೆ ಇಬ್ಬರೂ ಖುಷಿಯಾಗಿರೋಣ ಅಂತ. ನಲವತ್ತು! ಇಪ್ಪತ್ತರ ಹುಡುಗ ಹಾಗನ್ನೋದು. ಆ ಹಾಡು ಬಂದಾಗ ಗಲ್ಫ್ ಕ್ಯಾಂಪುಗಳಲ್ಲೂ ಊರಿನ ಟೀ ಅಂಗಡಿಗಳಲ್ಲೂ ಅದೇ. ಕೆಲವರು ಈ ಥರ ಹಾಡನ್ನ ‘ಅಳುಮುಂಜಿ’ ಅಂತ ತಳ್ಳಿ ಹಾಕ್ತಾರೆ, ನಿಜ, ಕಳಪೆ ಹಾಡು ರಾಶಿ ಇದೆ, ವಿಡಿಯೋ ಶುರುವಾಗೋದೇ ಏರ್‌ಪೋರ್ಟ್ ಗೇಟಲ್ಲಿ. ಆದ್ರೆ ತೀಜ್ ಹಬ್ಬಕ್ಕೆ ಹೆಂಗಸರು ಕಟ್ಟೋ ಹಾಡುಗಳನ್ನ ಜೊತೆಗಿಟ್ಟು ಕೇಳಿ, ಮನೇಲಿ ಉಳಿದವಳ ಮಾತು ಅಲ್ಲಿರುತ್ತೆ, ಅತ್ತೆ, ಸಾಲ, ಫೋನ್ ಎತ್ತದ ಗಂಡ, ದುಡ್ಡು ಕಳಿಸಿದ್ದಕ್ಕೆ ಲೆಕ್ಕ ಕೇಳೋ ಮೈದುನ. ಅಳು ಕಮ್ಮಿ, ವ್ಯಂಗ್ಯ ಜಾಸ್ತಿ. ನಂಗೆ ಅದೇ ಹೆಚ್ಚು ಇಷ್ಟ.

ಅಮೆರಿಕದ ಒಹಾಯೋದಲ್ಲಿ ‘ಭೂತಾನಿ’ ಜನ ನೇಪಾಳಿ ಹಾಡು ಹಾಡ್ತಾರಲ್ಲ, ಅದು ಹೇಗೆ?

ಅವರು ದಕ್ಷಿಣ ಭೂತಾನಿನ ನೇಪಾಳಿ ಮಾತಾಡೋ ಜನ, ಲ್ಹೋತ್ಸಂಪಾ ಅಂತಾರೆ, ಎಷ್ಟೋ ತಲೆಮಾರಿಂದ ಅಲ್ಲಿದ್ದ ರೈತರು. 80ರ ದಶಕದ ಕೊನೇಲಿ ಭೂತಾನ್ ಸರ್ಕಾರ ಒಂದೇ ದೇಶ ಒಂದೇ ಜನ ಅಂತ ಹೊರಟು ಎಲ್ಲರೂ ಉತ್ತರದವರ ಉಡುಪೇ ಹಾಕ್ಬೇಕು ಅಂದ್ರು, ಸ್ಕೂಲಿಂದ ನೇಪಾಳಿ ತೆಗೆದ್ರು, ಪೌರತ್ವದ ಹಳೇ ದಾಖಲೆ ಕೇಳಿದ್ರು, ಪ್ರತಿಭಟನೆ ಆಯ್ತು, ಕೊನೆಗೆ 90ರ ಆಸುಪಾಸಲ್ಲಿ ಒಂದು ಲಕ್ಷದಷ್ಟು ಜನ ಹೊರಬಿದ್ದು ಪೂರ್ವ ನೇಪಾಳದ ಝಾಪಾ, ಮೊರಂಗ್ ಜಿಲ್ಲೆಗಳ ಏಳು ಕ್ಯಾಂಪುಗಳಲ್ಲಿ ಬಿದಿರಿನ ಗುಡಿಸಲಲ್ಲಿ ಹದಿನೈದು ಇಪ್ಪತ್ತು ವರ್ಷ ಕಳೆದ್ರು. ನೇಪಾಳನೂ ಪೌರತ್ವ ಕೊಡಲಿಲ್ಲ. 2007ರ ಕೊನೆಯಿಂದ ಬೇರೆ ದೇಶಗಳಿಗೆ ಕಳಿಸೋಕೆ ಶುರು ಮಾಡಿ 1,10,000ಕ್ಕೂ ಹೆಚ್ಚು ಜನ ಹೋದ್ರು, ಹೆಚ್ಚಿನವರು ಅಮೆರಿಕಕ್ಕೆ. ಕೊಲಂಬಸ್, ಪಿಟ್ಸ್‌ಬರ್ಗ್, ಆಕ್ರನ್ ಕಡೆ ದೊಡ್ಡ ಬೀಡುಗಳಿವೆ.

ಈಗ ಹೇಳಿ, ಇವರ ಬೇರು ಎಲ್ಲಿ? ಹುಟ್ಟಿದ್ದು ಭೂತಾನ್, ಬೆಳೆದಿದ್ದು ಝಾಪಾ ಕ್ಯಾಂಪು, ಪಾಸ್‌ಪೋರ್ಟ್ ಅಮೆರಿಕದ್ದು, ಹಾಡು ನೇಪಾಳಿ. ಯಾವ ಭಾಷೆಗೋಸ್ಕರ ದೇಶ ಕಳ್ಕೊಂಡ್ರೋ ಆ ಭಾಷೆನ ಬಿಡ್ತಾರಾ? ತಿಹಾರ್ (ನಮ್ಮ ದೀಪಾವಳಿ) ಬಂದ್ರೆ ಅಪಾರ್ಟ್‌ಮೆಂಟ್ ಬಾಗಿಲಿಂದ ಬಾಗಿಲಿಗೆ ದೇವುಸಿ-ಭಯ್ಲೋ ಹಾಡ್ಕೊಂಡು ಹೋಗ್ತಾರೆ, ಚಳಿಗೆ ಜಾಕೆಟ್ ಒಳಗೆ ಕೈ ಇಟ್ಕೊಂಡೇ. ವಯಸ್ಸಾದವರು ಇಂಗ್ಲಿಷ್ ಬರದೇ ಮನೇಲೇ ಕೂತಿರ್ತಾರೆ, ಅವರಿಗೆ ವಾರಕ್ಕೊಮ್ಮೆ ಭಜನೆನೇ ಜೀವ. ಕ್ರೈಸ್ತರಾದವರು ಚರ್ಚಲ್ಲಿ ಗಿಟಾರ್ ಜೊತೆ ಮಾದಲ್ ಅನ್ನೋ ಚಿಕ್ಕ ಡೋಲು ಇಟ್ಕೊಂಡು ನೇಪಾಳಿಲೇ ಹಾಡ್ತಾರೆ, ಇದನ್ನ ‘ಸಂಸ್ಕೃತಿ’ ಲೆಕ್ಕಕ್ಕೆ ಸೇರಿಸೋಕೆ ಕೆಲವರಿಗೆ ಮನಸ್ಸಿಲ್ಲ. ನನ್ನ ಕೇಳಿದ್ರೆ ಅವೆರಡೂ ಒಂದೇ ಕೆಲಸ ಮಾಡ್ತಿವೆ.

ಇಂಗ್ಲೆಂಡಲ್ಲಿ ಹುಟ್ಟಿದ ಮಕ್ಕಳಿಗೆ ಇದೆಲ್ಲ ಬೇಕಾ? ಅವರು ರ್‍ಯಾಪ್ ಕೇಳ್ತಾರೆ.

ರ್‍ಯಾಪೂ ನೇಪಾಳಿಲೇ ಕೇಳ್ತಾರಲ್ಲ. 1997ಕ್ಕೂ ಮೊದಲು ನಿವೃತ್ತರಾಗಿದ್ದ ಗೂರ್ಖಾ ಸೈನಿಕರಿಗೂ 2009ರಲ್ಲಿ ಬ್ರಿಟನ್ನಲ್ಲಿ ನೆಲೆಸೋ ಹಕ್ಕು ಸಿಕ್ತು, ಆಮೇಲೆ ಆಲ್ಡರ್‌ಶಾಟ್, ಫಾರ್ನ್‌ಬರೋ, ರೆಡಿಂಗ್, ಲಂಡನ್ನಿನ ಪ್ಲಮ್‌ಸ್ಟೆಡ್ ಇಲ್ಲೆಲ್ಲ ಅಜ್ಜ ಅಜ್ಜಿಯರಿಂದ ಮೊಮ್ಮಕ್ಕಳ ತನಕ ತುಂಬ್ಕೊಂಡ್ರು. 2013ರಲ್ಲಿ ಅಮೃತ್ ಗುರುಂಗ್ ಅವರ ನೇಪಥ್ಯ ಬ್ಯಾಂಡ್ ವೆಂಬ್ಲಿ ಅರೀನಾದಲ್ಲೇ ಶೋ ಕೊಡ್ತು. ಹಳ್ಳಿ ಹಳ್ಳಿ ಕಾಲ್ನಡಿಗೆಲಿ ಸುತ್ತಿ ಜಾನಪದ ಹೆಕ್ಕಿ ರಾಕ್ ಮಾಡೋ ಬ್ಯಾಂಡು ಅದು.

ರ್‍ಯಾಪಲ್ಲಿ ಯಮ ಬುದ್ಧ ಅನ್ನೋ ಹೆಸರು ಮರೀಬಾರದು, ನಿಜ ಹೆಸರು ಅನಿಲ್ ಅಧಿಕಾರಿ. ನೇಪಾಳಿ ಬೀದಿ ಭಾಷೆನ, ಮನೆಯೊಳಗಿನ ಜಗಳ, ದಾರಿ ತಪ್ಪಿದ ಗೆಳೆಯ ಇವನ್ನೆಲ್ಲ ನೇರವಾಗಿ ರ್‍ಯಾಪಿಗೆ ತಂದವರು, ರ್‍ಯಾಪ್ ಬ್ಯಾಟಲ್ ಅನ್ನೋದನ್ನ ನೇಪಾಳಿ ಹುಡುಗರಿಗೆ ಹುಚ್ಚು ಹಿಡಿಸಿದವರು. 2017ರ ಜನವರಿಯಲ್ಲಿ ಲಂಡನ್ನಿನ ಮನೇಲಿ ತೀರ್ಕೊಂಡ್ರು, ಮೂವತ್ತೂ ಆಗಿರಲಿಲ್ಲ. ಇನ್ನೊಂದು ನೋಡಿ, ಬ್ಯಾಟಲ್ ರ್‍ಯಾಪ್ ಮಾಡೋ ಹುಡುಗರಿಗೆ ‘ಇದು ಅಮೆರಿಕದ ನಕಲು’ ಅಂತ ಹಿರಿಯರು ಬೈತಾರೆ, ಎದುರಿನವನನ್ನ ಪ್ರಾಸದಲ್ಲೇ ಕೆಡವೋದು ದೋಹೋರಿಲಿ ಮೊದಲಿಂದ ಇದ್ದಿದ್ದೇ ತಾನೇ.

ಮಕ್ಕಳಿಗೆ ಭಾಷೆ ಬರುತ್ತಾ ಅಂತ ಕೇಳೋರಿಗೆ: ಬರೀ ಹಾಡು ಕೇಳಿದ್ರೆ ಬರಲ್ಲ. ಕೋರಸ್ ಬರುತ್ತೆ, ಉಚ್ಚಾರ ಸ್ವಲ್ಪ ತಿದ್ಕೊಳ್ಳುತ್ತೆ, ಆದ್ರೆ ‘ಅನ್ನಕ್ಕೆ ಸಾರು ಹಾಕು’ ಅನ್ನೋಕೆ ಮನೇಲಿ ಮಾತಾಡ್ಲೇಬೇಕು.

ನೇಪಾಳಿ ಬೇರು ಅಂತೀರಲ್ಲ, ರಾಯಿ, ಲಿಂಬು, ತಮಾಂಗ್, ನೇವಾರ್ ಇವರದ್ದೆಲ್ಲ ಬೇರೆ ಭಾಷೆ ಅಲ್ವಾ?

ಹೌದು, ಇದು ಕೇಳಲೇಬೇಕಾದ ಪ್ರಶ್ನೆ. ನೇಪಾಳದಲ್ಲಿ 120ಕ್ಕೂ ಹೆಚ್ಚು ಭಾಷೆಗಳಿವೆ. 1960ರಿಂದ 1990ರವರೆಗಿನ ಪಂಚಾಯತ್ ಕಾಲದಲ್ಲಿ (ಪಕ್ಷಗಳನ್ನೇ ನಿಷೇಧಿಸಿ ರಾಜರು ಆಳಿದ ಕಾಲ) ಒಂದೇ ಭಾಷೆ ಒಂದೇ ವೇಷ ಅನ್ನೋ ಧೋರಣೆ, ರೇಡಿಯೋದಲ್ಲಿ ನೇಪಾಳಿದೇ ರಾಜ್ಯಭಾರ. ತಮಾಂಗರು ಡಂಫು ಬಾರಿಸಿ ಹಾಡೋ ಸೆಲೋ, ಲಿಂಬುಗಳ ಚ್ಯಾಬ್ರುಂಗ್ ಡೋಲು, ರಾಯಿಗಳ ಸಾಕೇಲಾ ಕುಣಿತ ಇವೆಲ್ಲ ಸ್ಟೇಜ್ ಅಲಂಕಾರ ಆಗೋಗಿತ್ತು. ವಿದೇಶಕ್ಕೆ ಹೋದ ಮೇಲೆ ಎಷ್ಟೋ ಜನ ಮೊದಲ ಸಲ ತಮ್ಮದೇ ಜನಾಂಗದ ಸಂಘ ಕಟ್ಟಿ, ಲ್ಹೋಸಾರ್, ಉಭೌಲಿ ಅಂತ ತಮ್ಮ ಹಬ್ಬಗಳಿಗೆ ಪಾರ್ಕಲ್ಲಿ ನೂರಾರು ಜನ ಸುತ್ತು ಹಾಕಿ ಕುಣಿಯೋಕೆ ಶುರು ಮಾಡಿದ್ರು. ಇದು ಒಡಕು ಅಂತ ಗೊಣಗೋರಿದಾರೆ. ಒಡಕಲ್ಲ, ಮುಚ್ಚಿಟ್ಟಿದ್ದು ಈಗ ಕಾಣ್ತಿದೆ, ಅಷ್ಟೇ.

ತಮಾಂಗ್ ಸೆಲೋ ವಿಷಯ ಬಂದ್ರೆ ಮತ್ತೆ ಟೀ ತೋಟಕ್ಕೇ ವಾಪಸ್ ಹೋಗ್ಬೇಕು. ಕರ್ಸಿಯಾಂಗ್ ಹತ್ರ ಅಂಬೂಟಿಯಾ ತೋಟದ ಹೀರಾದೇವಿ ವಾಯ್ಬಾ (1940–2011), ತೋಟದಲ್ಲಿ, ಮನೇಲಿ ಕಲಿತ ಹಾಡುಗಳನ್ನ ರೇಡಿಯೋಗೆ ಹಾಡಿದವರು. ಅವರು ಹೋದ ಮೇಲೆ ಮಗಳು ನವನೀತ್ ಆದಿತ್ಯ ವಾಯ್ಬಾ 2017ರಲ್ಲಿ ಅಮ್ಮನ ಹಾಡುಗಳನ್ನೇ ಹಳೇ ವಾದ್ಯಗಳಲ್ಲಿ ಮತ್ತೆ ರೆಕಾರ್ಡ್ ಮಾಡಿದ್ರು, ಕೀಬೋರ್ಡ್ ಗೀಬೋರ್ಡ್ ಇಲ್ದೇ. ಹೆಡ್‌ಫೋನಲ್ಲಿ ಕೇಳಿ.

ಉಲ್ಟಾ ಉದಾಹರಣೆನೂ ಇದೆ. ಅನಿ ಚೋಯಿಂಗ್ ಡೋಲ್ಮಾ, ಟಿಬೆಟಿಂದ ಓಡಿ ಬಂದವರಿಗೆ ಕಠ್ಮಂಡುವಲ್ಲಿ ಹುಟ್ಟಿದ ಬೌದ್ಧ ಸನ್ಯಾಸಿನಿ, ಅವರು ಹಾಡಿದ ‘ಫೂಲ್‌ಕೋ ಆಂಖಾಮಾ’ ನೇಪಾಳಿ ಹಾಡುಗಳಲ್ಲೇ ಅತಿ ಹೆಚ್ಚು ಜನ ಪ್ರೀತಿಸೋದ್ರಲ್ಲಿ ಒಂದು. ಸಾಹಿತ್ಯ ದುರ್ಗಾಲಾಲ್ ಶ್ರೇಷ್ಠ, ಅವರು ನೇವಾರ್ ಕವಿ. ‘ಶುದ್ಧ ನೇಪಾಳಿ’ ಹುಡುಕೋರು ಇದನ್ನ ಯಾವ ಡಬ್ಬಿಗೆ ಹಾಕ್ತಾರೋ ನೋಡೋಣ.

ಹಿಂದಿ ಸಿನಿಮಾ ಹಾಡಲ್ಲಿ ನೇಪಾಳಿ ಛಾಯೆ ಇದೆ ಅಂತಾರೆ, ನಿಜಾನಾ?

ಮಾದಲ್ ಸದ್ದು ಗುರುತು ಹಿಡಿದ್ರೆ ನಿಮಗೇ ಗೊತ್ತಾಗುತ್ತೆ. ಎರಡು ಬದಿಯ ಚಿಕ್ಕ ಡೋಲು, ಮಡಿಲಲ್ಲಿ ಅಡ್ಡ ಇಟ್ಕೊಂಡು ನುಡಿಸೋದು. ಡಾರ್ಜಿಲಿಂಗ್‌ನ ರಂಜಿತ್ ಗಜ್ಮೇರ್ (ಎಲ್ಲರೂ ಕಾಂಛಾ ಅಂತಿದ್ರು) ಆರ್.ಡಿ. ಬರ್ಮನ್ ತಂಡದಲ್ಲಿ ಮಾದಲ್ ನುಡಿಸ್ತಿದ್ರು, 1971ರ ‘ಹರೇ ರಾಮ ಹರೇ ಕೃಷ್ಣ’ದ ‘ಕಾಂಛಿ ರೇ’ ಹಾಡಲ್ಲಿ ಕೇಳೋದು ಅವರ ಕೈ. ಬಾಂಬೆಲಿದ್ಕೊಂಡೇ ನೇಪಾಳಿ ಸಿನಿಮಾಗಳಿಗೂ ಮ್ಯೂಸಿಕ್ ಮಾಡಿದ್ರು. ಉದಿತ್ ನಾರಾಯಣ್ ಹಾಡಿದ ಕನ್ನಡ ಸಿನಿಮಾ ಹಾಡು ನಮಗೆಲ್ಲ ಗೊತ್ತು, ಅವರು ಹಾಡೋಕೆ ಶುರು ಮಾಡಿದ್ದು ರೇಡಿಯೋ ನೇಪಾಳದಲ್ಲಿ, ಅದೂ ಮೈಥಿಲಿಲಿ.

ನಮಗೂ ಅವರಿಗೂ ಸಂಬಂಧ ಏನಾದ್ರೂ ಇದೆಯಾ, ಕರ್ನಾಟಕದವರಿಗೆ?

ಕೇಳಿ, ಇದು ಮಜವಾಗಿದೆ. ಪಶುಪತಿನಾಥ ದೇವಸ್ಥಾನದ ಭಟ್ಟರು ದಕ್ಷಿಣದವರು, ಕರ್ನಾಟಕದಿಂದ ಹೋದವರು ಅಂತ ಸುಮಾರು ಜನಕ್ಕೆ ಗೊತ್ತು. ಅದಕ್ಕಿಂತ ಹಳೇದೊಂದಿದೆ. 1097ರಲ್ಲಿ ನಾನ್ಯದೇವ ಅನ್ನೋನು ಮಿಥಿಲೆಯಲ್ಲಿ ರಾಜ್ಯ ಕಟ್ಟಿದ, ಆ ವಂಶಕ್ಕೆ ಹೆಸರೇ ಕರ್ಣಾಟ ವಂಶ, ರಾಜಧಾನಿ ಸಿಮ್ರೌನ್‌ಗಢ ಈಗಿನ ನೇಪಾಳದ ಬಾರಾ ಜಿಲ್ಲೆಯಲ್ಲಿದೆ. ಈ ರಾಜ ಭರತನ ನಾಟ್ಯಶಾಸ್ತ್ರದ ಮೇಲೆ ದೊಡ್ಡ ಸಂಗೀತ ಗ್ರಂಥ ಬರೆದಿದಾನೆ. ಅಂದ್ರೆ ಒಂಬೈನೂರು ವರ್ಷದ ಹಿಂದೆ ನಮ್ಮ ಕಡೆ ಬೇರಿದ್ದ ಒಬ್ಬ ವಲಸಿಗ ಅಲ್ಲಿ ಕೂತು ಸಂಗೀತದ ಬಗ್ಗೆ ಬರೀತಿದ್ದ. ಆಗ ಅಲ್ಲಿನವರು ಅವನನ್ನ ‘ನೀನು ಎಲ್ಲಿಯವನು’ ಅಂತ ದಿನಾ ಕೇಳ್ತಿದ್ರೋ ಏನೋ.

ಈಗ ಸವಾರಿ ಉಲ್ಟಾ. ಭಾರತ-ನೇಪಾಳದ 1950ರ ಒಪ್ಪಂದದ ಪ್ರಕಾರ ವೀಸಾ ಬೇಡ, ಅಛಾಮ್, ಬಝಾಂಗ್, ಡೋಟಿ ಥರದ ದೂರ ಪಶ್ಚಿಮದ ಬಡ ಜಿಲ್ಲೆಗಳವರು ಬಸ್ಸು ರೈಲು ಹಿಡ್ಕೊಂಡು ನೇರ ಬೆಂಗಳೂರಿಗೆ ಬರ್ತಾರೆ. ಅಪಾರ್ಟ್‌ಮೆಂಟ್ ಸೆಕ್ಯೂರಿಟಿ, ಹೋಟೆಲ್ ಕಿಚನ್, ಮೋಮೋ ಗಾಡಿ. ಇವರ ಹಾಡು ಡೆಉಡಾ, ಕೈ ಕೈ ಹಿಡ್ಕೊಂಡು ಅರ್ಧ ಸುತ್ತು ನಿಂತು, ಹೆಜ್ಜೆ ಹಾಕ್ತಾ ಒಂದು ಕಡೆಯವರು ಪದ ಹೇಳಿದ್ರೆ ಇನ್ನೊಂದು ಕಡೆಯವರು ಉತ್ತರ ಕಟ್ಟೋದು. ವಾದ್ಯ ಬೇಕಾಗಿಲ್ಲ, ಅದಕ್ಕೇ ಯಾವ ಊರಿಗೆ ಬೇಕಾದ್ರೂ ಬರುತ್ತೆ. ಆಗಸ್ಟ್-ಸೆಪ್ಟೆಂಬರಲ್ಲಿ ಅವರ ಗೌರಾ ಹಬ್ಬ, ಹೆಚ್ಚು ಕಮ್ಮಿ ನಮ್ಮ ಗೌರಿ ಹಬ್ಬದ ಸುಮಾರಿಗೇ.

ಇನ್ನೊಂದು, ಸೆಕ್ಯೂರಿಟಿಯವರನ್ನ ‘ಏ ಬಹದ್ದೂರ್’ ಅಂತ ಕರೆಯೋದು ಬಿಡಿ ಸ್ವಾಮಿ. ಹೆಸರು ಕೇಳಿ. ಇಲ್ಲಾಂದ್ರೆ ದೊಡ್ಡವರಾದ್ರೆ ದಾಯಿ, ಚಿಕ್ಕವರಾದ್ರೆ ಭಾಯಿ, ಹೆಂಗಸರಾದ್ರೆ ದಿದಿ, ಬಹಿನಿ.

ಎಲ್ಲಿಂದ ಕೇಳೋಕೆ ಶುರು ಮಾಡ್ಲಿ?

ಬಿಪುಲ್ ಛೆತ್ರಿ. ಕಾಲಿಂಪಾಂಗ್ ಮೂಲ, ದೆಹಲಿಲಿ ಮ್ಯೂಸಿಕ್ ಮೇಷ್ಟ್ರಾಗಿದ್ದವರು, 2013ರಲ್ಲಿ ‘ವೈಲ್ಡ್‌ಫೈರ್’ ಅನ್ನೋ ಹಾಡನ್ನ ಸೌಂಡ್‌ಕ್ಲೌಡಲ್ಲಿ ಸುಮ್ನೆ ಹಾಕಿದ್ರು, ಜಗತ್ತಲ್ಲಿ ನೇಪಾಳಿ ಮಾತಾಡೋರು ಎಲ್ಲೆಲ್ಲಿದ್ರೋ ಅಲ್ಲೆಲ್ಲ ಅದು ತಲುಪ್ತು, ಮರುವರ್ಷ ‘ಸ್ಕೆಚಸ್ ಆಫ್ ಡಾರ್ಜಿಲಿಂಗ್’ ಆಲ್ಬಂ ಬಂತು. ಒಂದು ಗಿಟಾರು, ಬೆಟ್ಟದೂರಿನ ಸಣ್ಣಪುಟ್ಟ ಮಾತು, ಮಳೆ. ಅಲ್ಲಿಂದ ಹಿಂದಕ್ಕೆ ನಾರಾಯಣ ಗೋಪಾಲ್, ಅರುಣಾ ಲಾಮಾ, ಆಮೇಲೆ ಝಲಕ್‌ಮಾನ್. ಬರೀ ವಾದ್ಯ ಬೇಕು ಅನ್ನೋರಿಗೆ 2004ರಲ್ಲಿ ಶುರುವಾದ ಕುಟುಂಬ ಅನ್ನೋ ಕಠ್ಮಂಡು ತಂಡ. ರಾಕ್ ಬೇಕಂದ್ರೆ ‘1974 ಎಡಿ’ ಅನ್ನೋ ಬ್ಯಾಂಡು, ಇಂಗ್ಲಿಷ್ ಹಾರ್ಡ್ ರಾಕ್ ಆದ್ರೂ ಪರವಾಗಿಲ್ಲ ಅಂದ್ರೆ ಸಿಕ್ಕಿಂನ ಗಿರೀಶ್ ಅಂಡ್ ದ ಕ್ರಾನಿಕಲ್ಸ್.

ನೇಪಾಳಿ ಫ್ರೆಂಡ್ ಮುಂದೆ ‘ರೇಶಂ ಫಿರಿರಿ’ ಹಾಡಿದ್ರೆ ಖುಷಿ ಪಡ್ತಾರಾ?

ನಗ್ತಾರೆ, ಜೊತೆಗೆ ಹಾಡ್ತಾರೂ ಕೂಡ. ಆದ್ರೆ ಟ್ರೆಕ್ಕಿಂಗಿಗೆ ಹೋದವರೆಲ್ಲ ಅದನ್ನೇ ಹಾಡಿ ಹಾಡಿ ಅವರಿಗೆ ಸಾಕಾಗಿರುತ್ತೆ. ಅವರ ಊರು ಯಾವುದು ಅಂತ ಮೊದಲು ಕೇಳಿ, ಪೂರ್ವದವರಾ, ಪಶ್ಚಿಮದವರಾ, ಬೆಟ್ಟನಾ ಬಯಲಾ, ಡಾರ್ಜಿಲಿಂಗಾ ಅಸ್ಸಾಮಾ, ಆಮೇಲೆ ನಿಮ್ಮ ಕಡೆ ಮದುವೇಲಿ ಏನು ಹಾಡ್ತಾರೆ ಅಂತ ಕೇಳಿ, ಟೈಮ್ ಇಟ್ಕೊಂಡು ಕೇಳಿ, ಯಾಕಂದ್ರೆ ಆ ಉತ್ತರ ಬೇಗ ಮುಗಿಯಲ್ಲ.